ಸೈಕಲ್ಲಿಗೆ ಎಲ್ಲಿ ಮಡಿಕಿ ಇಡ್ಲಿ?

ಭಾಲ್ಕಿಯ ನಮ್ಮ ಓಣಿಯಲ್ಲಿ ಯಾರ ಅಂಗಿ ಸಡಿಲವಾಗಲಿ, ಯಾರ ಚಪ್ಪಲಿ ಬಿಗಿಯಾಗಲಿ, ಕಡೆಗೆ ಹುಡುಗ ಹುಡುಗಿ ಹೊಂದದೆ ಮದುವೆಯ ಮಾತು ಮುರಿದುಬೀಳಲಿ, ‘ಬಾಯಿ ಸೈಕಲ್ ಆಯ್ತು ನೋಡ್ರಿ’ ಎನ್ನುತ್ತಾರೆ. ಆ ಬಾಯಿ ನಾನೇ. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಬಾಯಿ ಎಂದು ಕರೆಯುವುದು ರೂಢಿ. ಸೈಕಲ್ಲೂ ನನ್ನದೇ. ಆದರೆ ಆ ಮಾತಿನ ಪೆಟ್ಟು ಬಿದ್ದದ್ದು ನನಗಲ್ಲ, ನಮ್ಮ ಮನೆಯಿಂದ ಮೂರನೇ ಬಾಗಿಲಿನ ಟೇಲರ್ ಕಾಕಾನಿಗೆ. ಅವರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡವರ ಬಗ್ಗೆ ಬರೆಯಲು ಕುಳಿತಾಗ ಕಣ್ಣು ತುಂಬಬೇಕು. ನನಗೆ ಸಿಟ್ಟು ಬರುತ್ತಿದೆ. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ. ಬರೆಯುತ್ತ ಹೋದಂತೆ ಈ ಪಾಲು ಬದಲಾದರೂ ಆಗಬಹುದು.

ಅವರದು ಗಂಡಸರ ಬಟ್ಟೆ ಹೊಲಿಯುವ ಅಂಗಡಿ. ಒಂದು ಮಷೀನು, ಬಟ್ಟೆ ಕತ್ತರಿಸುವ ಒಂದು ಟೇಬಲ್ಲು, ಪ್ಯಾಂಟು ಹಾಕಿ ನೋಡುವವರಿಗೆ ಮೂಲೆಯಲ್ಲಿ ಹಳೆಯ ಸೀರೆಯ ಪರದೆ, ಹೊರಗೊಂದು ಬೆಂಚು. ಬೆಂಚು ಅವರದಾದರೂ ಅದರ ಮೇಲೆ ಕೂಡುವವರು ಪಕ್ಕದ ಚಹಾದಂಗಡಿಯ ಗಿರಾಕಿಗಳು. ಕಾಕಾನ ಕೊರಳಲ್ಲಿ ಲಿಂಗ, ಅದರ ಮೇಲೆ ಟೇಪು. ಲಿಂಗ ತೆಗೆಯುವುದಿಲ್ಲ ಸರಿ, ಈ ಮನುಷ್ಯ ಟೇಪನ್ನೂ ತೆಗೆಯುತ್ತಿರಲಿಲ್ಲ. ಮದುವೆಗೂ ಟೇಪು, ಮಣ್ಣಿಗೂ ಟೇಪು. ಎದುರು ಬಂದವರಿಗೆ ‘ಶರಣ್ರಿ’ ಅನ್ನುವಾಗ ಲೋಕವೆಲ್ಲ ಮುಖ ನೋಡಿದರೆ ಇವರು ಕಾಲು ನೋಡುತ್ತಿದ್ದರು.

ಹೊಲಿಯುವವನಿಗೆ ಸೈಕಲ್ಲಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಆಗ ನನ್ನ ಯಜಮಾನರು ಮನೆಯಿಂದ ಬಸ್ ಸ್ಟ್ಯಾಂಡಿನವರೆಗೆ ಸೈಕಲ್ಲಿನಲ್ಲಿ ಹೋಗಿ, ಅಲ್ಲಿಂದ ಔರಾದಿನ ತಮ್ಮ ಆಫೀಸಿಗೆ ಬಸ್ಸು ಹಿಡಿಯುತ್ತಿದ್ದರು. ಅವರ ಪ್ಯಾಂಟಿಗೆ ತೇಪೆ ಹಾಕಿಸಲು ಒಯ್ದಿದ್ದೆ. ಕಾಕಾ ಪ್ಯಾಂಟನ್ನು ಬೆಳಕಿಗೆ ಹಿಡಿದು ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ನೋಡಿದರು.

‘ಸಾಹೇಬರ ಸೈಕಲ್ ದೊಡ್ಡದಾಗ್ಯದ ನೋಡ್ರಿ ಬಾಯಿ.’

‘ಪ್ಯಾಂಟ್ ನೋಡಿ ಸೈಕಲ್ ಹ್ಯಾಂಗ ಗೊತ್ತಾಯ್ತು ಕಾಕಾ?’

‘ನಡುವ ಸವದಿದ್ರ ಕೂತ ಸವದದ ಅಂತ ತಿಳೀಬೇಕು. ಇದು ಎಡಕ್ಕ ಬಲಕ್ಕ ಸವದದ. ಪೆಡಲ್ ಮುಟ್ಟಲಾರ್ದ ಸೊಂಟ ಅತ್ತಾಗ ಇತ್ತಾಗ ಹೊಯ್ದಾಡ್ಯದ. ನಾಳಿ ಬೆನ್ನ ಹಿಡೀತದ, ಆಮ್ಯಾಲ ಮಣಕಾಲ.’

‘ಅದು ಮದುವ್ಯಾಗ ನಮ್ಮಪ್ಪ ಕೊಟ್ಟ ಸೈಕಲ್.’ ನನಗೆ ಸ್ವಲ್ಪ ಖಾರವೇ ಆಗಿತ್ತು.

‘ಮದುವಿ ಸೈಕಲ್ ಯಾವಾಗ್ಲೂ ದೊಡ್ಡದೇ ಇರ್ತದ್ರಿ. ಅಳಿಯನ ಕಾಲ ಯಾರ ಅಳೀತಾರ? ಮಾವನ ಮಾನ ಅಳೀತಾರ.’

ತೇಪೆ ಹಾಕಿಸಿಕೊಂಡು ಬಂದೆ. ಒಂದು ವರ್ಷದೊಳಗೆ ಯಜಮಾನರ ಬೆನ್ನು ಹಿಡಿಯಿತು. ಸೈಕಲ್ ಮಾರಿದೆವು. ಕಾಕಾನ ಮಾತು ನಿಜವಾಯಿತೆಂದು ಮಾತ್ರ ನಾವಿಬ್ಬರೂ ಒಪ್ಪಲಿಲ್ಲ.

ಅವರ ಜಗಳವಿದ್ದದ್ದು ನಮ್ಮ ಭಾಗದ ಒಂದು ಚಟದ ಜೊತೆ. ನಾವು ಏನನ್ನೇ ತಂದರೂ ಒಂದು ಕೈ ಹೆಚ್ಚಿಗೆ ತರುವವರು. ‘ಬೆಳೆಯುವ ಮೈ, ಇರಲಿ’ ಎನ್ನುವವರು. ಜೂನ್ ತಿಂಗಳಲ್ಲಿ ನನ್ನ ಶಾಲೆಯ ಮಕ್ಕಳು ಯೂನಿಫಾರ್ಮಿನೊಳಗೆ ಕಳೆದುಹೋಗಿರುತ್ತಾರೆ. ಕಾಕಾ ಪ್ರತಿ ಪ್ಯಾಂಟಿನ ತುದಿಯಲ್ಲಿ ಎರಡಿಂಚು ಬಟ್ಟೆಯನ್ನು ಒಳಗೆ ಮಡಿಚಿ ಹೊಲಿಯುತ್ತಿದ್ದರು. ಅದಕ್ಕೆ ಅವರು ಮಡಿಕಿ ಎನ್ನುತ್ತಿದ್ದರು. ಕಾಲು ಉದ್ದವಾದಂತೆ ವರ್ಷಕ್ಕೊಂದು ಹೊಲಿಗೆ ಬಿಚ್ಚುವುದು. ಅಲ್ಲಿಯವರೆಗೆ ಅವರಿಗೆ ತಕರಾರಿಲ್ಲ. ಅದೇ ಲೆಕ್ಕದಲ್ಲಿ ಯಾರಾದರೂ ಸೈಕಲ್ ತಂದರೆ ಮಾತ್ರ ಮಷೀನು ನಿಲ್ಲಿಸಿ ರಸ್ತೆಗೆ ಬರುತ್ತಿದ್ದರು.

‘ಪ್ಯಾಂಟಿಗೆ ಮಡಿಕಿ ಇಡ್ತೇನಿ, ಬಿಚ್ತೇನಿ. ಸೈಕಲ್ಲಿಗೆ ಎಲ್ಲಿ ಮಡಿಕಿ ಇಡ್ಲಿ? ಕಬ್ಬಿಣ ಅದ್ರಿ ಅದು!’

‘ಇಪ್ಪತ್ತಾರು ಇಂಚಿನದು ತಂದೆ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಇನ್ನೂ ಸಿಟ್ಟು. ‘ಅದು ಗಾಲಿ ನಂಬರ್. ನೀವೇನ ಗಾಲಿ ಮ್ಯಾಲ ಕೂಡ್ತೀರೇನು? ಚೌಕಟ್ಟ ಎಷ್ಟದ ಹೇಳ್ರಿ.’ ಸೀಟಿನ ಕೆಳಗಿನ ಕೊಳವೆ ಪೆಡಲ್ಲಿನ ಅಚ್ಚಿನವರೆಗೆ ಎಷ್ಟು ಉದ್ದವಿದೆಯೋ ಅದೇ ಸೈಕಲ್ಲಿನ ನಿಜವಾದ ನಂಬರು ಎಂದು ಅವರು ಸತ್ತ ಮೇಲಾದರೂ ನಾನು ಇಲ್ಲಿ ಬರೆದಿಡುತ್ತೇನೆ. ಲೆಕ್ಕ ಸುಲಭ. ತೊಡೆಯ ಸಂದಿಯಿಂದ ಹಿಮ್ಮಡಿಯವರೆಗಿನ ಒಳಗಾಲನ್ನು ಅಳೆಯಬೇಕು, ಮೂರು ಪಾಲು ಮಾಡಬೇಕು, ಎರಡು ಪಾಲು ಚೌಕಟ್ಟಿಗೆ. ಮೂವತ್ತಕ್ಕೆ ಇಪ್ಪತ್ತು, ಇಪ್ಪತ್ತೇಳಕ್ಕೆ ಹದಿನೆಂಟು. ‘ಎತ್ತರ ಕೇಳಬ್ಯಾಡ್ರಿ’ ಎನ್ನುತ್ತಿದ್ದರು, ‘ಕೆಲವರು ಕೂತಾಗ ಎತ್ತರ, ಕೆಲವರು ನಿಂತಾಗ ಎತ್ತರ. ಸೈಕಲ್ ಹೊಡಿಯೂದು ಕಾಲು.’ ಭಾಲ್ಕಿಯ ಅರ್ಧ ಗಂಡಸರ ಒಳಗಾಲು ಅವರಿಗೆ ಬಾಯಿಪಾಠವಿತ್ತು. ಬಜಾರಿನ ನಡುವೆ ಯಾರನ್ನೋ ತಡೆದು ‘ನಿಮ್ಮದು ಇಪ್ಪತ್ತೊಂಬತ್ತೂವರೆ, ಇದರ ಮ್ಯಾಲಿಂದ ಇಳೀರಿ’ ಎಂದು ಹೇಳಿ ಬೈಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಈಗ ನನ್ನ ಕಥೆ. ನನ್ನ ಶಾಲೆ ಹಲಬರ್ಗಾ ದಿಕ್ಕಿಗೆ ಆರು ಕಿಲೋಮೀಟರ್ ದೂರ. ಬಸ್ಸು ತನಗೆ ಮನಸ್ಸಾದಾಗ ಬರುತ್ತದೆ. ತಪ್ಪಿದರೆ ಯಾರದಾದರೂ ಗಾಡಿಯ ಹಿಂದೆ ಕೂಡಬೇಕು, ಕೂತರೆ ಓಣಿಗೆ ಒಂದು ವಾರದ ಮಾತು. ಸ್ಕೂಟಿ ತಗೊಳ್ರಿ ಎಂದರು ಎಲ್ಲರೂ. ನನಗೆ ಬೇಕಾಗಿದ್ದದ್ದು ಸೈಕಲ್ಲೇ. ಔರಾದಿನಲ್ಲಿ, ತವರಿನಲ್ಲಿ, ಅಪ್ಪನ ದೊಡ್ಡ ಸೈಕಲ್ಲನ್ನು ನಾನು ಕೈಂಚಿ ಹೊಡೆಯುತ್ತಿದ್ದೆ. ಕೈಂಚಿ ಅಂದರೆ ಕತ್ತರಿ. ಸೀಟಿಗೆ ಏರಲಾಗದ ಮಕ್ಕಳು ಚೌಕಟ್ಟಿನ ಸಂದಿಯಲ್ಲಿ ಒಂದು ಕಾಲು ತೂರಿಸಿ, ಮೈ ಸೊಟ್ಟ ಮಾಡಿ, ಕುಂಟುತ್ತ ತುಳಿಯುವ ವಿದ್ಯೆ ಅದು. ‘ಇನ್ನೊಂದು ವರ್ಷ ತಡಿ, ಸೀಟಿಗೆ ಬರ್ತಿ’ ಎಂದಿದ್ದ ಅಪ್ಪ, ಆ ವರ್ಷ ಬಂದಾಗ ಸೈಕಲ್ಲಿಗೆ ಬೀಗ ಹಾಕಿದ. ‘ದೊಡ್ಡಾಕಿ ಆಗೀದಿ, ಸಾಕಿನ್ನ.’ ಆಮೇಲೆ ಗಂಡನ ಸೈಕಲ್ಲನ್ನು ಒರೆಸಿದೆ, ಗಾಳಿ ಹಾಕಿಸಿಕೊಂಡು ಬಂದೆ, ಯಾವ ಸೈಕಲ್ಲಿನ ಸೀಟಿನ ಮೇಲೂ ಕೂಡಲಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ನನ್ನ ಆಸೆ ಇಷ್ಟೇ ಇತ್ತು. ಸೀಟಿನ ಮೇಲೆ ನೆಟ್ಟಗೆ ಕುಳಿತು, ಯಾರ ಹಂಗೂ ಇಲ್ಲದೆ, ನನ್ನ ಶಾಲೆಗೆ ನಾನೇ ಹೋಗಬೇಕು.

ಕಾಕಾನಿಗೆ ಹೇಳಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಚಹಾ ಟೇಬಲ್ಲಿನ ಮೇಲಿಟ್ಟು ಮರೆತರು. ಆಮೇಲೆ ಪೇಚಾಡಿದರು.

‘ಬಾಯಿ, ನಾ ಗಂಡಸರ ಟೇಲರ್. ನಿಮ್ಮ ಅಳತಿ ನಾ ತಗೊಳ್ಳಂಗಿಲ್ಲ. ನೀವೇ ತಗೋರಿ, ನಾ ಹೊರಗ ನಿಂತ ಹೇಳ್ತೇನಿ.’

ಕೊರಳಿನ ಟೇಪನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಬಟ್ಟೆಯ ಮೇಲೆ ಗೆರೆ ಎಳೆಯುವ ನೀಲಿ ಚಾಕ್‌ಪೀಸು ಕೊಟ್ಟರು. ಹೊರಗೆ ಹೋಗಿ ಅಂಗಡಿಗೆ ಬೆನ್ನು ಮಾಡಿ, ರಸ್ತೆ ನೋಡುತ್ತ ನಿಂತರು. ನಾನು ಪರದೆಯ ಹಿಂದೆ ಹೋದೆ.

‘ಚಪ್ಪಲ್ ಬಿಚ್ರಿ ಬಾಯಿ. ಗ್ವಾಡಿಗೆ ಬೆನ್ನ ಹಚ್ಚಿ ನಿಂದರ್ರಿ. ಕಾಲ ನಡುವ ಒಂದ ಗೇಣ ಬಿಡ್ರಿ. ಚೀಲದಾಗ ಬುಕ್ ಅದ ಏನ್ರಿ? ಸೀಟಿನ ಮ್ಯಾಲ ಕೂತಂಗ ಬುಕ್ ಮ್ಯಾಲಕ್ಕ ಒತ್ತಿ ಹಿಡೀರಿ. ಬುಕ್ಕಿನ ಅಂಚಿಗೆ ಗ್ವಾಡಿ ಮ್ಯಾಲ ಗೆರಿ ಹೊಡೀರಿ. ನೆಲದಿಂದ ಗೆರಿ ತನಕ ಟೇಪ್ ಹಿಡೀರಿ. ಎಷ್ಟ ಬಂತ ಹೇಳ್ರಿ!’

ಚೀಲದಲ್ಲಿದ್ದದ್ದು ಐದನೇ ತರಗತಿಯ ಗಣಿತ. ಅಳತೆಯ ಪಾಠ ಅದರಲ್ಲೇ ಇದೆ, ವರ್ಷಾ ವರ್ಷಾ ನಾನೇ ಕಲಿಸುತ್ತೇನೆ. ಗೆರೆ ಹೊಡೆದೆ, ಟೇಪು ಹಿಡಿದೆ. ಇಪ್ಪತ್ತೇಳು.

ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕುಳಿತಿದ್ದರು. ಒಬ್ಬ ನನ್ನ ಶಾಲೆಯ ಹುಡುಗಿಯ ಅಪ್ಪ. ಚಹಾದವನೂ ಸೋಸುವುದನ್ನು ಬಿಟ್ಟು ಕಿವಿ ಈ ಕಡೆ ಕೊಟ್ಟಿದ್ದ. ನಾನು ಐದಡಿಗೆ ಒಂದಿಂಚು ಕಡಿಮೆ. ಗಿಡ್ಡಿ, ಗಿಡ್ಡಿ ಎನಿಸಿಕೊಂಡೇ ಬೆಳೆದವಳು. ತರಗತಿಯಲ್ಲಿ ಬೋರ್ಡಿನ ಮೇಲಿನ ಭಾಗ ನನ್ನ ಕೈ ಮುಟ್ಟದೆ ಖಾಲಿ ಉಳಿಯುತ್ತದೆ. ಅಷ್ಟು ಜನ ಗಂಡಸರ ಮುಂದೆ ನನ್ನ ಕಾಲಿನ ಗಿಡ್ಡತನವನ್ನು ಕೂಗಿ ಹೇಳಬೇಕೇ?

‘ಮೂವತ್ತು’ ಎಂದೆ.

ಎರಡಿಂಚೂ ಅಲ್ಲ, ಮೂರಿಂಚು. ನಮ್ಮ ಊರಿನ ಚಟ ನನ್ನನ್ನೂ ಬಿಡಲಿಲ್ಲ, ನನ್ನ ಮೈಗೇ ಮಡಿಕೆ ಇಟ್ಟುಕೊಂಡೆ.

ಹೊರಗಿನಿಂದ ‘ಮೂವತ್ತ?’ ಎಂಬ ಕಾಕಾನ ಧ್ವನಿ ಬಂತು. ‘ಹೂಂ, ಮೂವತ್ತು’ ಎಂದು ಟೇಪು ಸುತ್ತಿಕೊಂಡು ಹೊರಗೆ ಬಂದೆ.

ಭಾನುವಾರ ಕಾಕಾನೂ ನಾನೂ ಬೀದರಿಗೆ ಹೋದೆವು. ಹಳೆ ಪೇಟೆಯ ಸೈಕಲ್ ಅಂಗಡಿಯವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಬಾಯಿಯವರಿಗಿ ಹದಿನೆಂಟು ಸಾಕಲ್ರೀ ಕಾಕಾ?’ ಎಂದ. ನನಗೆ ಉರಿಯಿತು. ‘ಅಳತಿ ತಗೊಂಡೀವಿ, ಇಪ್ಪತ್ತು ಕೊಡ್ರಿ’ ಎಂದೆ. ಕಾಕಾ ನನ್ನ ಕಡೆ ನೋಡಿದರು. ‘ಒಂದ ಸಲ ಹದಿನೆಂಟರ ಮ್ಯಾಲ ಕೂತ ನೋಡ್ರಿ ಬಾಯಿ. ನೋಡಿದ್ರ ಏನ ಹೋಗ್ತದ?’ ಪೇಟೆಯ ನಡುವೆ, ಅಷ್ಟು ಜನರ ಎದುರು, ಜೀವನದಲ್ಲಿ ಮೊದಲ ಸಲ ಸೈಕಲ್ ಸೀಟಿನ ಮೇಲೆ ಕೂತು ಬೀಳಬೇಕೇ? ‘ಮೂವತ್ತಕ್ಕ ಇಪ್ಪತ್ತು ಅಂತ ನೀವೇ ಹೇಳೀರಿ’ ಎಂದೆ. ಆಗ ಅವರು ಅಂಗಡಿಯವನ ಕಡೆ ತಿರುಗಿ, ನನಗೆ ಹೇಳಿದರು:

‘ಮೈ ಸುಳ್ಳ ಹೇಳಂಗಿಲ್ಲ ಬಾಯಿ. ಬಾಯಿ ಹೇಳ್ತದ.’

ಅಂಗಡಿಯವನ ಬಾಯಿಬಡುಕತನಕ್ಕೆ ಹೇಳಿದರೆಂದು ತಿಳಿದು ನಾನು ನಕ್ಕುಬಿಟ್ಟೆ. ಜೋರಾಗಿಯೇ ನಕ್ಕೆ.

ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹೇರಿ ತಂದೆವು. ದಾರಿಯುದ್ದಕ್ಕೂ ಅವರದು ಒಂದೇ ಮಾತು. ‘ಚೌಕಟ್ಟಿನ ಮ್ಯಾಲಿನ ಪ್ಲಾಸ್ಟಿಕ್ ಬಿಚ್ಚಬ್ಯಾಡ್ರಿ. ಪ್ಲಾಸ್ಟಿಕ್ ಇದ್ರ ಹದಿನೈದ ದಿನದಾಗ ಬದ್ಲಿ ಮಾಡಿ ಕೊಡ್ತಾನ, ನಾ ಮಾತಾಡೀನಿ.’ ಹತ್ತು ಸಲ ಹೇಳಿದರು. ನಮ್ಮಲ್ಲಿ ಹೊಸ ಸಾಮಾನಿನ ಪ್ಲಾಸ್ಟಿಕ್ಕು ತಾನಾಗಿ ಹರಿದುಹೋಗುವ ತನಕ ಯಾರೂ ಬಿಚ್ಚುವುದಿಲ್ಲ. ಅವತ್ತು ಇವರು ಹೇಳಿದ್ದಕ್ಕೇ ಕಿರಿಕಿರಿಯಾಗಿ, ಮನೆ ಮುಟ್ಟಿದವಳೇ ಬ್ಲೇಡು ಹಿಡಿದು ಎಲ್ಲವನ್ನೂ ಸುಲಿದು ಹಾಕಿದೆ.

ಮುಂದಿನದನ್ನು ನೀವು ಊಹಿಸಿರಬಹುದು. ಸೀಟನ್ನು ಎಷ್ಟು ಇಳಿಸಿದರೂ ಕಾಲು ನೆಲಕ್ಕೆ ಮುಟ್ಟಲಿಲ್ಲ. ಹ್ಯಾಂಡಲ್ ಹಿಡಿಯಲು ಬಗ್ಗಿದರೆ ಭುಜ ಸೆಳೆಯುತ್ತಿತ್ತು. ದಾರಿಯಲ್ಲಿ ರೈಲ್ವೆ ಗೇಟಿದೆ. ಗೇಟು ಮುಚ್ಚಿದಾಗಲೆಲ್ಲ ನಿಲ್ಲಬೇಕು, ನಿಂತಾಗಲೆಲ್ಲ ಬೀಳಬೇಕು. ಬೀಳುವ ಭಯಕ್ಕೆ ಸೀಟು ಬಿಟ್ಟು ನಿಂತೇ ತುಳಿಯತೊಡಗಿದೆ. ಸೀಟಿನ ಮೇಲೆ ಕೂಡುವ ಆಸೆಗೆ ತಂದ ಸೈಕಲ್ಲಿನಲ್ಲಿ ಸೀಟೊಂದನ್ನು ಬಿಟ್ಟು ಎಲ್ಲವೂ ಉಪಯೋಗಕ್ಕೆ ಬಂತು. ಎರಡನೇ ತಿಂಗಳು ಗೇಟಿನ ಬಳಿ ಬಿದ್ದು ಮುಂಗೈ ಉಳುಕಿತು. ಯಜಮಾನರು ‘ಇನ್ನ ಸಾಕು’ ಎಂದರು. ಅಪ್ಪನೂ ಇದೇ ಮಾತು ಹೇಳಿದ್ದ. ಮತ್ತೆ ಬಸ್ಸು, ಮತ್ತೆ ಯಾರದೋ ಗಾಡಿಯ ಹಿಂದಿನ ಸೀಟು. ಸೈಕಲ್ಲು ಅಂಗಳದಲ್ಲಿ ಒದ್ದೆ ಬಟ್ಟೆ ಹರವುವ ಸಾಮಾನಾಯಿತು.

ಕೈಗೆ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದಾಗ ಚಹಾದವ ಕೇಳಿದ: ‘ಏನಾಯ್ತ್ರಿ ಬಾಯಿ?’ ನೋವು, ಸಿಟ್ಟು, ನಾಚಿಕೆ ಎಲ್ಲ ಒಟ್ಟಿಗಿತ್ತು. ‘ಕಾಕಾನ ಅಳತಿ ನಂಬಿ ಕೆಟ್ಟೆ’ ಎಂದೆ. ಕಾಕಾ ಒಳಗೆ ಮಷೀನಿನ ಮೇಲಿದ್ದರು. ಕಾಲು ನಿಂತಿತು, ಮಷೀನು ನಿಂತಿತು. ಬೆಂಚಿನ ಮೇಲಿದ್ದವನೊಬ್ಬ ‘ಹೌದೇನ್ರಿ ಕಾಕಾ, ಅಳತಿ ತಪ್ಪಿತೇನು?’ ಎಂದ. ಕಾಕಾ ತಲೆ ಎತ್ತದೆ ಹೇಳಿದರು: ‘ಹೌದ್ರಿ. ತಪ್ಪ್ಯದ.’

ನಾನಾಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವರು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದನ್ನು ನೋಡಿ, ನಿಜಕ್ಕೂ ತಪ್ಪು ಅವರದೇ ಇರಬೇಕೆಂದು ನನಗೇ ಅನಿಸತೊಡಗಿತು. ಆ ಮೂರಿಂಚನ್ನು ಮರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ.

‘ಬಾಯಿ ಸೈಕಲ್’ ಎಂಬ ಮಾತನ್ನು ಹುಟ್ಟಿಸಿದವನು ಚಹಾದವ. ಅದು ಬೆಂಚಿನಿಂದ ಬಜಾರಿಗೆ, ಬಜಾರಿನಿಂದ ಊರಿಗೆ ಹೋಯಿತು. ಮದುವೆಗೆ ಪ್ಯಾಂಟು ಹೊಲಿಸಲು ಬಂದ ಕಮಲನಗರದ ಒಬ್ಬ ಗಿರಾಕಿ ನನ್ನೆದುರಿಗೇ ‘ಕಾಕಾ, ಮತ್ತ ಬಾಯಿ ಸೈಕಲ್ ಮಾಡಬ್ಯಾಡ್ರಿ’ ಎಂದ. ಕಾಕಾ ‘ಇಲ್ರಿ’ ಎಂದು, ತೆಗೆದುಕೊಂಡಿದ್ದ ಅಳತೆಯನ್ನೇ ಮತ್ತೊಮ್ಮೆ ತೆಗೆದುಕೊಂಡರು. ಮುಂಚೆ ಅವರು ಎರಡನೇ ಸಲ ಟೇಪು ಹಿಡಿದದ್ದನ್ನು ಯಾರೂ ನೋಡಿರಲಿಲ್ಲ. ರಸ್ತೆಯಲ್ಲಿ ಸೈಕಲ್ಲಿನವರನ್ನು ತಡೆಯುವುದನ್ನೂ ಬಿಟ್ಟರು. ತಡೆದರೆ ಜನ ನಗುತ್ತಿದ್ದರು. ನನಗೆ ಮಾತ್ರ ದಿನಾಲೂ ‘ಶರಣ್ರಿ ಬಾಯಿ’ ತಪ್ಪಲಿಲ್ಲ. ಆಗಾಗ ‘ಸೈಕಲ್ ಬದ್ಲಿ ಮಾಡೂದ ಮನಸ್ಸಿಗಿ ಬಂದ್ರ ಹೇಳ್ರಿ, ಬೀದರಕ್ಕ ಹೋಗಮು’ ಎನ್ನುತ್ತಿದ್ದರು. ‘ನಿಮ್ಮ ಅಳತಿ ಸಾಕು ಕಾಕಾ’ ಎನ್ನುತ್ತಿದ್ದೆ. ಹೀಗೆ ನಾಲ್ಕು ವರ್ಷ.

ಹೋದ ತಿಂಗಳು ಮಷೀನಿನ ಮುಂದೆ ಕೂತಲ್ಲೇ ಲಿಂಗೈಕ್ಯರಾದರು. ಎಂಟು ದಿನದ ಮೇಲೆ ಅವರ ಹೆಂಡತಿ, ಅವರಿಗೆ ನಾವು ಕಾಕು ಎನ್ನುತ್ತೇವೆ, ಕರೆ ಕಳಿಸಿದರು. ನನ್ನ ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದಿಟ್ಟಿದ್ದಾರೆ, ಒಯ್ಯಿರಿ ಎಂದು. ಪ್ಯಾಂಟುಗಳು ಪರದೆಯ ಹಿಂದೆ ಮೊಳೆಗೆ ತೂಗುಬಿದ್ದಿದ್ದವು. ಎಲ್ಲದಕ್ಕೂ ಎರಡಿಂಚು ಮಡಿಕೆ. ಒಂದೊಂದಾಗಿ ತೆಗೆದ ಹಾಗೆ ಹಿಂದಿನ ಗೋಡೆ ಕಂಡಿತು.

ನಾನು ಹೊಡೆದ ಗೆರೆ ಅಲ್ಲೇ ಇತ್ತು. ಚಾಕ್‌ಪೀಸಿನ ಗೆರೆ ನಾಲ್ಕು ವರ್ಷ ಉಳಿಯುವುದಿಲ್ಲ. ಅದರ ಮೇಲೆ ಪೆನ್ಸಿಲ್ಲಿನಿಂದ ತಿದ್ದಲಾಗಿತ್ತು, ಒಂದು ಸಲವಲ್ಲ, ಎಷ್ಟೋ ಸಲ. ಪಕ್ಕದಲ್ಲಿ ಅವರ ಅಂಕಿ: ೨೭.

ನಾನು ಸುಳ್ಳು ಹೇಳಿ ಬಂದ ದಿನವೇ ಅವರು ಪರದೆ ಸರಿಸಿ ಆ ಗೆರೆಗೆ ಟೇಪು ಹಿಡಿದಿರಬೇಕು. ಗೊತ್ತಿದ್ದೇ ಬೀದರಿಗೆ ಬಂದರು. ಗೊತ್ತಿದ್ದೇ ಹದಿನೆಂಟರ ಮೇಲೆ ಕೂತು ನೋಡಿ ಎಂದರು, ಪ್ಲಾಸ್ಟಿಕ್ ಬಿಚ್ಚಬೇಡಿ ಎಂದರು. ಬಾಯಿ ಹೇಳುತ್ತದೆ ಎಂದಾಗ ಅವರು ಹೇಳಿದ್ದು ಯಾವ ಬಾಯಿಯನ್ನು ಎಂದು ನಾಲ್ಕು ವರ್ಷದ ಮೇಲೆ ನನಗೆ ತಿಳಿಯಿತು. ನನ್ನಂಥ ದಡ್ಡಿಗೆ ಶ್ಲೇಷೆಯಲ್ಲಿ ಹೇಳಿದರೆ ಹೇಗೆ ಕಾಕಾ? ಒಂದು ಸಲ ಗದರಿಸಿ ಹೇಳಿದ್ದರೆ ಏನಾಗುತ್ತಿತ್ತು? ನನ್ನ ನಾಲ್ಕು ವರ್ಷ ಹೋಯಿತು, ನಿಮ್ಮ ಹೆಸರು ಹೋಯಿತು. ಸತ್ತವರ ಜೊತೆ ಜಗಳವಾಡಲು ಬರುವುದಿಲ್ಲ, ಅದೇ ನನಗೆ ಸಹಿಸಲಾಗದ್ದು.

ಪರದೆಯ ಹೊರಗೆ ಬಂದು ಕಾಕುವಿಗೆ ಹೇಳಿದೆ: ‘ನನ್ನ ಅಳತಿ ಇಪ್ಪತ್ತೇಳು ಕಾಕು. ಮೂವತ್ತು ಅಂತ ನಾ ಸುಳ್ಳು ಹೇಳಿದ್ದೆ.’

‘ಗೊತ್ತದ ತಗೀ ಯವ್ವಾ’ ಎಂದರು ಅವರು, ಪ್ಯಾಂಟುಗಳನ್ನು ಎಣಿಸುತ್ತಲೇ. ‘ಆವತ್ತೇ ಮನ್ಯಾಗ ಹೇಳಿದ್ರು. ಹೆಣ್ಣಮಗಳು ನಾಲ್ಕ ಮಂದ್ಯಾಗ ಒಂದ ಮಾತ ಆಡ್ಯಾಳ, ಆಕೀನೇ ಬದ್ಲಿ ಮಾಡಬೇಕು, ನಾವ ಮಾಡಬಾರ್ದು ಅಂದ್ರು.’

ಯೂನಿಫಾರ್ಮಿನ ಗಂಟು ಹೊತ್ತುಕೊಂಡೇ ಬೆಂಚಿನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಇಪ್ಪತ್ತೇಳು ಎಂದು ಎರಡು ಸಲ ಹೇಳಿದೆ. ಬೆಂಚಿನವರು ತಲೆ ತಗ್ಗಿಸಿ ಕೇಳಿದರು. ಕಡೆಗೆ ಚಹಾದವ ನಿಟ್ಟುಸಿರು ಬಿಟ್ಟ.

‘ದೊಡ್ಡ ಮನಸ್ಸ ರೀ ಬಾಯಿ ನಿಮ್ಮದು. ಸತ್ತವರ ತಪ್ಪ ಮೈಮ್ಯಾಲ ಹಾಕ್ಕೊಳ್ಳಾಕ ಯಾರ ತಯಾರಿರ್ತಾರ ಈ ಕಾಲದಾಗ?’

ಬೇರೆಯವರೂ ಹೌದು ಹೌದು ಎಂದರು. ನಾನು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ನನ್ನ ಮನಸ್ಸು ಅವರ ಕಣ್ಣಲ್ಲಿ ದೊಡ್ಡದಾಗುತ್ತ ಹೋಯಿತು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದವರು ನಿಜವನ್ನು ಹತ್ತು ಸಲ ಹೇಳಿದರೂ ನಂಬಲಿಲ್ಲ. ಗೋಡೆಯ ಗೆರೆ ತೋರಿಸುತ್ತೇನೆ ಬನ್ನಿ ಎಂದೆ. ‘ಇರ್ಲಿ ಬಿಡ್ರಿ’ ಎಂದು ನನಗೇ ಒಂದು ಕಪ್ ಚಹಾ ಕೊಟ್ಟರು.

ಆ ಭಾನುವಾರ ಒಬ್ಬಳೇ ಬೀದರಿಗೆ ಹೋದೆ. ಅದೇ ಅಂಗಡಿ. ‘ಅಳತಿ?’ ಎಂದ. ‘ಇಪ್ಪತ್ತೇಳು’ ಎಂದೆ, ಪೇಟೆಗೇ ಕೇಳುವ ಹಾಗೆ. ಹದಿನೆಂಟರ ಚೌಕಟ್ಟಿನದು ಹೊರಗೆ ಬಂತು. ಅಲ್ಲೇ, ಅಷ್ಟು ಜನರ ನಡುವೆ, ಅದರ ಮೇಲೆ ಕೂತು ನೋಡಿದೆ. ಯಾರೂ ತಿರುಗಿ ಸಹ ನೋಡಲಿಲ್ಲ.

ಸೋಮವಾರ ಮುಂಜಾನೆ ಆ ಸೈಕಲ್ಲನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಇಳಿಯಲಿಲ್ಲ. ಸೀಟಿನ ಮೇಲೆ ಕುಳಿತೇ ಎರಡೂ ಕಾಲಿನ ಬೆರಳೂರಿ ನಿಂತೆ. ಚಹಾದವ ಮುಖ ಅರಳಿಸಿಕೊಂಡು ಹೊರಗೆ ಬಂದ.

‘ಹಾಂ, ಈಗ ಅಳತಿ ಸರಿ ಬಿತ್ತು ನೋಡ್ರಿ ಬಾಯಿ! ಈ ಸಲ ಯಾರ ತಗೊಂಡಾರ?’

‘ಕಾಕಾನೇ’ ಎಂದೆ.

ಬೆಂಚಿನವರೆಲ್ಲ ನಕ್ಕರು. ನನಗೆ ಹೊತ್ತಾಗಿತ್ತು. ಸೀಟಿನ ಮೇಲೆ ಕುಳಿತೇ ಶಾಲೆಗೆ ಹೋದೆ.